ಹೈದರಾಬಾದ್ ಸಂಸ್ಥಾನದ ನಾಗರಿಕ ಹಕ್ಕುಗಳ ಚಳವಳಿ: ರಾಜಕೀಯ ಸುಧಾರಣೆ ಮತ್ತು ಪಕ್ಷಗಳ ಒಡಕು

ಸಭೆ ಸೇರುವುದು, ಸಂಘ ಕಟ್ಟುವುದು, ಪತ್ರಿಕೆ ನಡೆಸುವುದು, ತಮ್ಮ ನುಡಿಯಲ್ಲಿ ಶಾಲೆ ತೆರೆಯುವುದು: ಇಷ್ಟೇ ಹಕ್ಕುಗಳಿಗಾಗಿ ಹೈದರಾಬಾದ್ ಸಂಸ್ಥಾನದ ಜನ 1920ರ ದಶಕದಿಂದ 1948ರವರೆಗೆ ಹೋರಾಡಿದರು. ಮೊದಲು ಅರ್ಜಿಯ ರೂಪದಲ್ಲಿದ್ದ ಈ ಬೇಡಿಕೆ ಬರಬರುತ್ತ ಜವಾಬ್ದಾರಿ ಸರ್ಕಾರದ ಬೇಡಿಕೆಯಾಯಿತು, ಕೊನೆಗೆ ಭಾರತ ಒಕ್ಕೂಟಕ್ಕೆ ಸೇರುವ ಹೋರಾಟವಾಯಿತು. ನಿಜಾಮ ಸರ್ಕಾರ ಇದಕ್ಕೆ ಒಂದು ಕೈಯಲ್ಲಿ ನಿಷೇಧವನ್ನೂ ಇನ್ನೊಂದು ಕೈಯಲ್ಲಿ ಸುಧಾರಣೆಯನ್ನೂ ಹಿಡಿದು ಉತ್ತರಿಸಿತು. ಆ ಸುಧಾರಣೆಯನ್ನು ಒಪ್ಪಬೇಕೇ ಬಿಡಬೇಕೇ ಎಂಬ ಪ್ರಶ್ನೆ ಎದುರಾದಾಗಲೆಲ್ಲ ಚಳವಳಿಯ ಸಂಘಟನೆಗಳು ಒಡೆದವು. ಸ್ಟೇಟ್ ಕಾಂಗ್ರೆಸ್, ಆಂಧ್ರ ಮಹಾಸಭಾ, ದಲಿತ ಸಂಘಟನೆಗಳು, ಇವುಗಳಲ್ಲಿ ಯಾವುದೂ ಒಂದೇ ತುಂಡಾಗಿ 1948ನ್ನು ತಲುಪಲಿಲ್ಲ. ಈ ಒಡಕುಗಳನ್ನು ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾದ ಸ್ವಾಮಿ ರಾಮಾನಂದ ತೀರ್ಥ ಮತ್ತು ಬೂರ್ಗುಲ ರಾಮಕೃಷ್ಣರಾವ್ ಅವರ ನಡುವಿನ ಪೈಪೋಟಿ ಎಂದು ಹೇಳಿ ಮುಗಿಸುವ ರೂಢಿಯಿದೆ. ಆ ವಿವರಣೆ ಸಾಲದು. ಸುಧಾರಣೆಯಲ್ಲಿ ಯಾರಿಗೆ ಪಾಲಿತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ನೋಡಿದರೆ ಒಡಕಿನ ಗೆರೆ ಎಲ್ಲಿ ಬಿತ್ತು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಸಂಸ್ಥಾನ ಮತ್ತು ಅದರ ಪ್ರಜೆಗಳು

ಸುಮಾರು 82,000 ಚದರ ಮೈಲಿ ವಿಸ್ತಾರದ ಈ ಸಂಸ್ಥಾನದಲ್ಲಿ 1941ರ ಜನಗಣತಿಯಂತೆ 1 ಕೋಟಿ 63 ಲಕ್ಷ ಜನರಿದ್ದರು. ಅರ್ಧದಷ್ಟು ಜನರ ನುಡಿ ತೆಲುಗು, ನಾಲ್ಕನೆಯ ಒಂದು ಭಾಗದ್ದು ಮರಾಠಿ. ಕನ್ನಡ ಮತ್ತು ಉರ್ದು ತಲಾ ಎಂಟನೆಯ ಒಂದು ಭಾಗದ ಆಸುಪಾಸು. ಕನ್ನಡಿಗರು ಹೆಚ್ಚಾಗಿದ್ದದ್ದು ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬೀದರ್ ಜಿಲ್ಲೆಗಳಲ್ಲಿ. ಆಡಳಿತ, ನ್ಯಾಯಾಲಯ ಮತ್ತು 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಪಟ್ಟಕ್ಕೆ ಬಂದಿದ್ದರು.

ನೆಲದ ವ್ಯವಸ್ಥೆಯನ್ನು ಅರಿಯದೆ ಇಲ್ಲಿನ ರಾಜಕೀಯ ಅರ್ಥವಾಗುವುದಿಲ್ಲ. ಸಂಸ್ಥಾನದ ಸುಮಾರು ಶೇ. 60 ಭಾಗ ಮಾತ್ರ ನೇರ ಸರ್ಕಾರಿ ಕಂದಾಯಕ್ಕೆ ಒಳಪಟ್ಟ ಖಾಲ್ಸಾ ಅಥವಾ ದಿವಾನಿ ನೆಲ. ಶೇ. 30ರಷ್ಟು ಜಾಗೀರುಗಳು. ಉಳಿದ ಶೇ. 10ರಷ್ಟು ಸರ್ಫ್-ಎ-ಖಾಸ್, ಅಂದರೆ ಅರಸನ ಸ್ವಂತ ಖರ್ಚಿಗೆಂದು ಮೀಸಲಾದ ಭೂಮಿ. ರಾಜಧಾನಿಯನ್ನು ಸುತ್ತುವರಿದಿದ್ದ ಅತ್ರಾಫ್-ಎ-ಬಲ್ದಾ ಜಿಲ್ಲೆ ಇಂಥದ್ದು. ನಗರದ ಉತ್ತರಕ್ಕಿರುವ ಜೀಡಿಮೆಟ್ಲಾ ಹಾಗೂ ಮೇಡ್ಚಲ್ ಕಡೆಯ ಹಳ್ಳಿಗಳು ಈ ಸೀಮೆಯವು. ಇಂದು ಜೀಡಿಮೆಟ್ಲಾ ಎಂದರೆ ಕಾರ್ಖಾನೆಗಳ ಸಾಲು, ಔಷಧ ಮತ್ತು ರಾಸಾಯನಿಕ ಉದ್ಯಮ, ಊರೂರಿಂದ ದುಡಿಯಲು ಬಂದವರ ವಠಾರಗಳು. ಅಂದು ಅಲ್ಲಿನ ರೈತ ಕಟ್ಟಿದ ಕಂದಾಯ ಸಂಸ್ಥಾನದ ಖಜಾನೆಗೆ ಹೋಗದೆ ಅರಸನ ಖಾಸಗಿ ಬೊಕ್ಕಸಕ್ಕೆ ಹೋಗುತ್ತಿತ್ತು. ದಿವಾನಿ ಹಳ್ಳಿಯವನು ಕನಿಷ್ಠ ಒಂದು ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಲ್ಲಬಹುದಿತ್ತು. ಸರ್ಫ್-ಎ-ಖಾಸ್‌ನವನಿಗೆ ಭೂಮಾಲೀಕನೂ ಅರಸನೂ ಒಬ್ಬನೇ. ರಾಜಧಾನಿಯಿಂದ ಕಾಲ್ನಡಿಗೆಯ ದೂರದಲ್ಲಿದ್ದ ಜನ ರಾಜಕೀಯವಾಗಿ ಅತಿ ದೂರದಲ್ಲಿದ್ದರು.

ಹಕ್ಕಿನ ಮಾತು ಹುಟ್ಟಿದ ಬಗೆ

ಸಂಸ್ಥಾನದೊಳಗೆ ರಾಜಕೀಯ ಸಭೆ ನಡೆಸುವಂತಿರಲಿಲ್ಲವಾದ್ದರಿಂದ ಹೈದರಾಬಾದಿನ ರಾಜಕೀಯ ಸಮ್ಮೇಳನಗಳು ಗಡಿಯ ಆಚೆ ನಡೆದವು: 1923ರಲ್ಲಿ ಕಾಕಿನಾಡ, 1926ರಲ್ಲಿ ಮುಂಬಯಿ, 1928ರಲ್ಲಿ ಪುಣೆ, 1931ರಲ್ಲಿ ಅಕೋಲಾ. ತಮ್ಮ ಊರಿನ ವಿಷಯ ಮಾತಾಡಲು ಜನ ರೈಲು ಹತ್ತಿ ಬ್ರಿಟಿಷ್ ಭಾರತಕ್ಕೆ ಹೋಗಬೇಕಾಗಿತ್ತು. 1929ರ ಸುಮಾರಿಗೆ ಬಂದ ಗಶ್ತಿ ನಿಶಾನ್ 53 ಎಂಬ ಸುತ್ತೋಲೆ ಈ ಕಟ್ಟನ್ನು ಇನ್ನಷ್ಟು ಬಿಗಿ ಮಾಡಿತು. ಮುಂಚಿತವಾಗಿ ಅನುಮತಿ ಇಲ್ಲದೆ ಯಾವ ಸಾರ್ವಜನಿಕ ಸಭೆಯೂ ಸಲ್ಲದು ಎಂಬುದು ಅದರ ಸಾರ. ಖಾಸಗಿ ಶಾಲೆ ತೆರೆಯುವುದಕ್ಕೂ ಅಪ್ಪಣೆ ಬೇಕಿತ್ತು.

ಹೀಗಿರುವಾಗ ಜನ ಸೇರಲು ಉಳಿದ ದಾರಿಗಳೆಂದರೆ ಗ್ರಂಥಾಲಯ, ಸಾಹಿತ್ಯ, ಸಮಾಜ ಸುಧಾರಣೆ. 1921ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಮಹರ್ಷಿ ಕರ್ವೆ ಅವರ ಅಧ್ಯಕ್ಷತೆಯಲ್ಲಿ ನಡೆದ ಸಮಾಜ ಸುಧಾರಣಾ ಸಮ್ಮೇಳನದಲ್ಲಿ ತೆಲುಗಿನಲ್ಲಿ ಮಾತಾಡಲು ಎದ್ದವರನ್ನು ಗೇಲಿ ಮಾಡಿ ಕೂರಿಸಲಾಯಿತು. ಆ ಅವಮಾನದಿಂದ ಆಂಧ್ರ ಜನ ಸಂಘ ಹುಟ್ಟಿತು. ಮಾಡಪಾಟಿ ಹನುಮಂತರಾವ್ ಅದನ್ನು ತಾಳ್ಮೆಯಿಂದ ಬೆಳೆಸಿದರು. ಅದು ಆಂಧ್ರ ಮಹಾಸಭೆಯಾಗಿ 1930ರಲ್ಲಿ ಜೋಗಿಪೇಟೆಯಲ್ಲಿ, ‘ಗೋಲ್ಕೊಂಡ ಪತ್ರಿಕೆ’ಯ ಸಂಪಾದಕ ಸುರವರಂ ಪ್ರತಾಪರೆಡ್ಡಿ ಅವರ ಅಧ್ಯಕ್ಷತೆಯಲ್ಲಿ ಮೊದಲ ಅಧಿವೇಶನ ನಡೆಸಿತು. ಮರಾಠಿಗರ ಮಹಾರಾಷ್ಟ್ರ ಪರಿಷತ್ತು 1937ರಲ್ಲಿ ಪರ್ತೂರಿನಲ್ಲಿ ಸೇರಿತು.

ಕನ್ನಡಿಗರ ಕಥೆ ತುಸು ನಿಧಾನದ್ದು. ಕಲಬುರಗಿಯ ನೂತನ ವಿದ್ಯಾಲಯ (1907), ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ, ರಾಜಧಾನಿಯ ಕರ್ನಾಟಕ ಸಾಹಿತ್ಯ ಮಂದಿರ ಇವು ಮೊದಲ ಆಸರೆಗಳು. ಕನ್ನಡ ಸಾಹಿತ್ಯ ಸಮ್ಮೇಳನ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಗೂ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿಗೂ ಬಂದಾಗ ಅದು ಬರಿಯ ಸಾಹಿತ್ಯದ ಜಾತ್ರೆಯಾಗಿರಲಿಲ್ಲ. ಮೈಸೂರು, ಧಾರವಾಡ, ಮಂಗಳೂರಿನ ಕನ್ನಡಿಗರನ್ನು ನಿಜಾಮ ಸೀಮೆಯ ಕನ್ನಡಿಗರು ಎದುರುಬದುರು ಕಂಡದ್ದು ಅಲ್ಲಿ. ನಿಜಾಮ ಕರ್ನಾಟಕ ಪರಿಷತ್ತಿನ ಮೊದಲ ಅಧಿವೇಶನ 1937ರಲ್ಲಿ ಬೀದರಿನಲ್ಲಿ ಡಿ.ಕೆ. ಭೀಮಸೇನರಾವ್ ಅವರ ಅಧ್ಯಕ್ಷತೆಯಲ್ಲಿ ನಡೆಯಿತು. ಮೂರು ಪರಿಷತ್ತುಗಳಲ್ಲಿ ಇದು ಚಿಕ್ಕದು. ಆದರೆ ತೆಲುಗಿನವರೂ ಮರಾಠಿಯವರೂ ಸಂಸ್ಥಾನದೊಳಗೆ ತಮ್ಮ ಸಂಖ್ಯೆಯ ಬಲದ ಮೇಲೆ ಯೋಚಿಸುತ್ತಿದ್ದಾಗ, ಕನ್ನಡಿಗರ ಕಣ್ಣು ಮೊದಲಿನಿಂದಲೂ ಸಂಸ್ಥಾನದ ಗಡಿಯಾಚೆಗಿತ್ತು. ಈ ವ್ಯತ್ಯಾಸ ಮುಂದೆ 1950ರ ದಶಕದಲ್ಲಿ ಫಲ ಕೊಟ್ಟಿತು.

ಅಯ್ಯಂಗಾರ್ ಸಮಿತಿ ಮತ್ತು 1939ರ ಸುಧಾರಣೆ

1919ರಲ್ಲಿ ಸರ್ ಅಲಿ ಇಮಾಮ್ ಅಧ್ಯಕ್ಷತೆಯಲ್ಲಿ ಕಾರ್ಯಾಂಗ ಮಂಡಳಿ ರಚನೆಯಾದಾಗ ಶಾಸನ ಸಭೆಯ ವಿಸ್ತರಣೆಯ ಮಾತೂ ಬಂದಿತ್ತು. ರಾಯ್ ಬಾಲಮುಕುಂದ ಅವರು ಈ ಬಗ್ಗೆ ಸಿದ್ಧಪಡಿಸಿದ ವರದಿ ಕಪಾಟು ಸೇರಿತು. ಮುಂದೆ 1937ರಲ್ಲಿ ಬ್ರಿಟಿಷ್ ಭಾರತದ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದವು. ನೆರೆಯ ಮುಂಬಯಿ, ಮದ್ರಾಸು, ಮಧ್ಯಪ್ರಾಂತಗಳಲ್ಲಿ ಜನ ಮತ ಹಾಕಿ ಮಂತ್ರಿಗಳನ್ನು ಪಡೆದದ್ದನ್ನು ಹೈದರಾಬಾದಿನ ಪ್ರಜೆಗಳು ನೋಡಿದರು. ಅದೇ ವರ್ಷ ಪ್ರಧಾನಿಯಾದ ಸರ್ ಅಕ್ಬರ್ ಹೈದರಿ ಸೆಪ್ಟೆಂಬರಿನಲ್ಲಿ ದಿವಾನ್ ಬಹದ್ದೂರ್ ಎಸ್. ಅರವಮುದು ಅಯ್ಯಂಗಾರ್ ಅಧ್ಯಕ್ಷತೆಯಲ್ಲಿ ಸುಧಾರಣಾ ಸಮಿತಿ ನೇಮಿಸಿದರು. ವಕೀಲ ಕಾಶೀನಾಥರಾವ್ ವೈದ್ಯ, ಮೀರ್ ಅಕ್ಬರ್ ಅಲಿ ಖಾನ್ ಮೊದಲಾದವರು ಅದರಲ್ಲಿದ್ದರು. ಸಮಿತಿ 1938ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಸರ್ಕಾರ ಅದನ್ನು 1939ರ ಜುಲೈಯಲ್ಲಿ ಪ್ರಕಟಿಸಿತು.

ಯೋಜನೆಯಂತೆ ಶಾಸನ ಸಭೆಗೆ 85 ಸದಸ್ಯರು. ಅವರಲ್ಲಿ 42 ಮಂದಿ ಚುನಾಯಿತರು, ಉಳಿದವರು ನಾಮಕರಣಗೊಂಡವರು ಅಥವಾ ಅಧಿಕಾರಿಗಳು. ಚುನಾಯಿತ ಸ್ಥಾನಗಳಲ್ಲಿ ಹಿಂದೂ ಮುಸ್ಲಿಮರಿಗೆ ಸಮಪಾಲು. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಾತಿನಿಧ್ಯದ ಆಧಾರ. ಊರಿಗಾಗಲಿ ಜಿಲ್ಲೆಗಾಗಲಿ ಪ್ರತಿನಿಧಿ ಇರಲಿಲ್ಲ, ಕಸುಬಿಗೆ ಇದ್ದ. ಜಾಗೀರುದಾರರು, ಪಟ್ಟೇದಾರರು, ಗೇಣಿದಾರರು, ವರ್ತಕರು, ಬ್ಯಾಂಕಿನವರು, ವಕೀಲರು, ವೈದ್ಯರು, ಪದವೀಧರರು ತಮ್ಮ ತಮ್ಮ ಗುಂಪಿನಿಂದ ಆರಿಸಬೇಕು. ಅರಸನ ಮನೆತನ, ಬ್ರಿಟಿಷ್ ಚಕ್ರಾಧಿಪತ್ಯದೊಂದಿಗಿನ ಸಂಬಂಧ ಇಂಥ ವಿಷಯಗಳನ್ನು ಸಭೆ ಮುಟ್ಟುವಂತಿರಲಿಲ್ಲ. ಮಂತ್ರಿಗಳು ಸಭೆಗೆ ಹೊಣೆಗಾರರಲ್ಲ.

ಮತಧರ್ಮದ ಗೋಡೆಯನ್ನು ಮೀರಿ ಸಮಾನ ಆಸಕ್ತಿಯವರು ಒಟ್ಟಾಗಲಿ ಎಂಬುದು ಇದರ ಹಿಂದಿನ ಉದ್ದೇಶವೆಂದು ಸಮಿತಿ ಹೇಳಿತು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಪ್ರತ್ಯೇಕ ಮತದಾರ ವರ್ಗಗಳು ಬ್ರಿಟಿಷ್ ಭಾರತದಲ್ಲಿ ಮಾಡಿದ್ದ ಹಾನಿ ಎಲ್ಲರ ಕಣ್ಣ ಮುಂದಿತ್ತು. ಆದರೆ ವ್ಯವಹಾರದಲ್ಲಿ ಇದು ಓದಿದವರ, ಆಸ್ತಿಯಿದ್ದವರ, ನಗರದವರ ಸಭೆಯಾಗುತ್ತಿತ್ತು. ಭೂಮಿಯಿಲ್ಲದ ಕೂಲಿ, ಬಿಟ್ಟಿ ಚಾಕರಿಯ ದಲಿತ ಕುಟುಂಬ, ಅರಸನ ಖಾಸಾ ಹಳ್ಳಿಯ ಬಡ ರೈತ ಇವರಿಗೆ ಅಲ್ಲಿ ಬಾಗಿಲೇ ಇರಲಿಲ್ಲ. ವಕೀಲರಿಗೆ ಮಾತ್ರ ತಮ್ಮದೊಂದು ಕುರ್ಚಿ ಕಾಣುತ್ತಿತ್ತು. ಚಳವಳಿಯ ಹಿರಿಯ ನಾಯಕರಲ್ಲಿ ಬಹುಪಾಲು ಜನ ವಕೀಲರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಒಡಕಿನ ಅರ್ಧ ಕಾರಣ ಇಲ್ಲೇ ಸಿಗುತ್ತದೆ.

ಇನ್ನೊಂದು ಕಡೆ ಬಹದ್ದೂರ್ ಯಾರ್ ಜಂಗ್ ನಾಯಕತ್ವದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್, ಸಂಸ್ಥಾನದ ಪ್ರಭುತ್ವ ಮುಸ್ಲಿಮ್ ಸಮುದಾಯದ ಸಾಮೂಹಿಕ ಸ್ವತ್ತು, ಅರಸ ಅದರ ಪ್ರತೀಕ ಮಾತ್ರ ಎಂದು ವಾದಿಸಿತು. ಪ್ರಜಾ ಪರಿಷತ್ತಿನ ಹೆಸರಿನಲ್ಲಿ ಎರಡೂ ಸಮುದಾಯಗಳ ನಾಯಕರು ಒಟ್ಟಾಗಿ ಸಮಿತಿಯ ಮುಂದೆ ನಿಲ್ಲುವ ಪ್ರಯತ್ನ ನಡೆದು ಮುರಿದುಬಿತ್ತು. ಮಂದುಮುಲ ನರಸಿಂಗರಾವ್ ಮತ್ತು ಯಾರ್ ಜಂಗ್ ನಡುವಿನ ಐಕ್ಯ ಮಾತುಕತೆಗಳೂ ಫಲಿಸಲಿಲ್ಲ. ‘ರೈಯತ್’ ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದ ನರಸಿಂಗರಾವ್ ಈ ಮಾತುಕತೆಗೆ ಎಲ್ಲರಿಗಿಂತ ತಕ್ಕವರಾಗಿದ್ದರು. ಆ ಅವಕಾಶ ಕೈತಪ್ಪಿದ್ದು ಸಂಸ್ಥಾನದ ಇತಿಹಾಸದ ದೊಡ್ಡ ನಷ್ಟಗಳಲ್ಲೊಂದು.

ಎರಡು ತಿಂಗಳ ಸತ್ಯಾಗ್ರಹ

ಸಂಸ್ಥಾನಗಳ ಪ್ರಜೆಗಳು ತಮ್ಮ ಹೋರಾಟವನ್ನು ತಮ್ಮದೇ ಸಂಘಟನೆಯ ಮೂಲಕ ನಡೆಸಬೇಕು ಎಂದು 1938ರ ಫೆಬ್ರುವರಿಯಲ್ಲಿ ಹರಿಪುರ ಕಾಂಗ್ರೆಸ್ ಅಧಿವೇಶನ ನಿರ್ಣಯಿಸಿತು. ಅದರ ಬೆನ್ನಿಗೇ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ತಾತ್ಕಾಲಿಕ ಸಮಿತಿ ಸೇರಿತು. ಸಂಘ ವಿಧಿವತ್ತಾಗಿ ಹುಟ್ಟುವ ಮೊದಲೇ, ಸೆಪ್ಟೆಂಬರಿನಲ್ಲಿ, ಸರ್ಕಾರ ಅದನ್ನು ಕೋಮುವಾದಿ ಸಂಸ್ಥೆಯೆಂದು ಕರೆದು ನಿಷೇಧಿಸಿತು. ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು. ಗೋವಿಂದರಾವ್ ನಾನಲ್ ನೇತೃತ್ವದ ಮೊದಲ ತಂಡದಲ್ಲಿ ರಾಮಕಿಶನ್ ಧೂತ್, ಶ್ರೀನಿವಾಸರಾವ್ ಬೋರಿಕರ್, ತೆಲಂಗಾಣದ ರಾವಿ ನಾರಾಯಣರೆಡ್ಡಿ ಮತ್ತು ರಾಯಚೂರು ಕಡೆಯ ಜನಾರ್ದನರಾವ್ ದೇಸಾಯಿ ಇದ್ದರು. ಮೂರು ನುಡಿಗಳ ಸೀಮೆಯವರೂ ಒಂದೇ ದಿನ ಜೈಲಿಗೆ ಹೋದರು. ಆ ಐವರ ಮುಂದಿನ ದಾರಿಗಳು ಬೇರೆಬೇರೆಯಾದವು: ರಾವಿ ನಾರಾಯಣರೆಡ್ಡಿ ಕಮ್ಯುನಿಸ್ಟರ ಮುಂದಾಳಾದರು, ದೇಸಾಯಿ ಹೈದರಾಬಾದ್ ಕರ್ನಾಟಕದ ಕಾಂಗ್ರೆಸ್ ಹೋರಾಟದ ಹಿರಿಯರಾದರು.

ಮೂರು ದಿನಗಳ ಬಳಿಕ ಎರಡನೆಯ ತಂಡದ ಮುಂದಾಳಾಗಿ ಬಂಧನಕ್ಕೊಳಗಾದವರು ಸ್ವಾಮಿ ರಾಮಾನಂದ ತೀರ್ಥ. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. 1903ರಲ್ಲಿ ಹುಟ್ಟಿದ ಅವರ ಬಾಲ್ಯ ಕನ್ನಡ ಮರಾಠಿ ಎರಡೂ ಬೆರೆತ ಸೀಮೆಯದು. ಕಾರ್ಮಿಕ ನಾಯಕ ಎನ್.ಎಂ. ಜೋಶಿ ಅವರೊಡನೆ ದುಡಿದು, ಸನ್ಯಾಸ ಸ್ವೀಕರಿಸಿ, ಹಿಪ್ಪರಗಾ ಮತ್ತು ಅಂಬೆಜೋಗಾಯಿಗಳಲ್ಲಿ ಮೇಷ್ಟರಾಗಿದ್ದವರು. ವಕೀಲರ ನಾಯಕತ್ವದ ನಡುವೆ ಆಸ್ತಿ, ಕುಟುಂಬ, ವೃತ್ತಿ ಯಾವುದರ ಹಂಗೂ ಇಲ್ಲದ ಒಬ್ಬ ಮನುಷ್ಯ ಬಂದು ನಿಂತಂತಾಯಿತು. ಸರ್ಕಾರದ ಬಳಿ ಅವರಿಗೆ ಕೊಡಬಹುದಾದದ್ದು ಏನೂ ಇರಲಿಲ್ಲ.

ಅದೇ ಹೊತ್ತಿಗೆ ಆರ್ಯ ಸಮಾಜ ಮತ್ತು ಹಿಂದೂ ಮಹಾಸಭೆಯ ಬೆಂಬಲದ ಹಿಂದೂ ನಾಗರಿಕ ಹಕ್ಕುಗಳ ಸಂಘ ಬೇರೆಯೇ ಸತ್ಯಾಗ್ರಹ ಹೂಡಿದವು. ಹವನಕುಂಡ, ಓಂ ಧ್ವಜ, ದೇವಸ್ಥಾನಗಳ ವಿಷಯದಲ್ಲಿ ಅವರ ದೂರುಗಳು ಸುಳ್ಳಲ್ಲ. ಆದರೆ ಸಂಸ್ಥಾನದ ಹೊರಗಿಂದ ಸಾವಿರಾರು ಜನ ಬಂದು ಜೈಲು ತುಂಬತೊಡಗಿದಾಗ ಪ್ರಜೆಯ ಹಕ್ಕಿನ ಪ್ರಶ್ನೆ ಧರ್ಮದ ಪ್ರಶ್ನೆಯೊಳಗೆ ಕಲಸಿಹೋಯಿತು. ಸ್ಟೇಟ್ ಕಾಂಗ್ರೆಸ್ ಕೋಮುವಾದಿ ಎಂಬ ಸರ್ಕಾರದ ಆರೋಪಕ್ಕೆ ಪುರಾವೆ ಸಿಕ್ಕಂತಾಯಿತು. ಇದನ್ನು ಕಂಡ ಗಾಂಧೀಜಿಯ ಸಲಹೆಯಂತೆ ಡಿಸೆಂಬರ್ 24ರಂದು, ಸರಿಯಾಗಿ ಎರಡು ತಿಂಗಳಿಗೆ, ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹ ನಿಲ್ಲಿಸಿತು. ಆಗಲೇ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಹೊರದಬ್ಬಲ್ಪಟ್ಟ ವಿದ್ಯಾರ್ಥಿಗಳು ನಾಗಪುರದ ದಾರಿ ಹಿಡಿದಿದ್ದರು. ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಚಳವಳಿ ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜಿಗೂ ಹಬ್ಬಿತ್ತು. ಆರ್ಯ ಸಮಾಜದ ಸತ್ಯಾಗ್ರಹ ಮಾತ್ರ 1939ರ ಆಗಸ್ಟ್‌ವರೆಗೆ ನಡೆಯಿತು.

ನಿಲ್ಲಿಸಿದ್ದು ಸರಿಯೇ ಎಂಬುದು ಇಂದಿಗೂ ಚರ್ಚೆಯ ವಿಷಯ. ಸಂಸ್ಥಾನದ ಮುಸ್ಲಿಮರನ್ನು ಪೂರ್ತಿ ದೂರ ತಳ್ಳದಿರಲು ಬೇರೆ ದಾರಿ ಇರಲಿಲ್ಲ ಎಂಬುದು ಒಪ್ಪತಕ್ಕ ಮಾತು. ಆದರೆ ಜೈಲಿನಲ್ಲಿದ್ದ ಯುವಕರಿಗೆ ಅದು ಅರ್ಧದಲ್ಲಿ ಕೈಬಿಟ್ಟಂತೆ ತೋರಿತು. ಅವರಲ್ಲಿ ಕೆಲವರು ಹೊರಬಂದು ಗಾಂಧಿಯ ದಾರಿಯನ್ನೇ ಬಿಟ್ಟರು.

ಹೆಸರಿನ ಪ್ರಶ್ನೆ

ಮುಂದಿನ ಏಳೂವರೆ ವರ್ಷ ಸ್ಟೇಟ್ ಕಾಂಗ್ರೆಸ್ ನಿಷೇಧದಲ್ಲಿಯೇ ಇತ್ತು. ‘ಕಾಂಗ್ರೆಸ್’ ಎಂಬ ಹೆಸರು ಬಿಟ್ಟರೆ ಅನುಮತಿ ಕೊಡುವುದಾಗಿ ಸರ್ಕಾರ ಸೂಚಿಸಿತು. 1940ರಲ್ಲಿ ‘ಹೈದರಾಬಾದ್ ನ್ಯಾಷನಲ್ ಕಾನ್ಫರೆನ್ಸ್’ ಎಂಬ ಬದಲಿ ಹೆಸರಿನ ಮಾತೂ ನಡೆಯಿತು. ಬೂರ್ಗುಲ, ಕಾಶೀನಾಥರಾವ್ ವೈದ್ಯ, ನರಸಿಂಗರಾವ್ ಮೊದಲಾದ ಮಿತವಾದಿಗಳಿಗೆ ಹೆಸರಿಗಿಂತ ಕೆಲಸ ದೊಡ್ಡದು ಎನಿಸಿತು. ಬಾಗಿಲು ಒಂದಿಷ್ಟು ತೆರೆದರೂ ಒಳಗೆ ಕಾಲಿಟ್ಟು ಸಂಘಟನೆ ಬೆಳೆಸಬಹುದು, ಶಾಸನ ಸಭೆಯೊಳಗಿಂದ ಮಾತಾಡಬಹುದು ಎಂಬುದು ಅವರ ಲೆಕ್ಕ. ತೀರ್ಥರು ಮತ್ತು ಮರಾಠವಾಡದ ಯುವಕರಿಗೆ ಹೆಸರು ಬಿಡುವುದೆಂದರೆ ಭಾರತದ ರಾಷ್ಟ್ರೀಯ ಚಳವಳಿಯೊಂದಿಗಿನ ನಂಟು ಬಿಡುವುದು. ಅದೇ ವರ್ಷ ತೀರ್ಥರು ಬೆರಳೆಣಿಕೆಯ ಸಂಗಡಿಗರೊಂದಿಗೆ ವೈಯಕ್ತಿಕ ಸತ್ಯಾಗ್ರಹ ಮಾಡಿ ಮತ್ತೆ ಜೈಲು ಸೇರಿದರು. 1942ರ ಚಲೇಜಾವ್ ಸಮಯದಲ್ಲಿ ಇನ್ನೊಮ್ಮೆ.

ಎರಡೂ ಕಡೆಯವರು ಪ್ರಾಮಾಣಿಕರೇ. ಬೂರ್ಗುಲ ಬಹುಭಾಷಾ ಪಂಡಿತರು, ಹೆಸರಾಂತ ವಕೀಲರು. ಹೈದರಾಬಾದಿನ ಹಿಂದೂ ಮುಸ್ಲಿಮ್ ಬೆರೆತ ಸಂಸ್ಕೃತಿ ಅವರಿಗೆ ರಕ್ತಗತವಾಗಿತ್ತು. ಅದು ಬೀದಿ ಹೋರಾಟದಲ್ಲಿ ಹರಿದುಹೋಗುತ್ತದೆ ಎಂಬ ಅವರ ಅಂಜಿಕೆ ಸುಳ್ಳಾಗಲಿಲ್ಲ ಎಂಬುದಕ್ಕೆ 1948 ಸಾಕ್ಷಿ. ಆದರೂ ಮಿತವಾದಿಗಳ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿತ್ತು. ಸರ್ಕಾರ ಕೊಡುವುದಾಗಿ ಹೇಳಿದ ಸುಧಾರಣೆ ಯುದ್ಧದ ನೆಪದಲ್ಲಿ ಮುಂದೆ ಮುಂದೆ ಹೋಗಿ 1946ರವರೆಗೆ ಬರಲೇ ಇಲ್ಲ. ಕಾದು ಕುಳಿತವರ ಕೈಗೆ ಏನೂ ದಕ್ಕಲಿಲ್ಲ.

ಭುವನಗಿರಿಯ ಒಡಕು, 1944

ನೆಲದ ಪ್ರಶ್ನೆಯ ಮೇಲೆ ಬಿದ್ದ ಒಡಕು ಇದಕ್ಕಿಂತ ಆಳವಾದದ್ದು. ಆಂಧ್ರ ಮಹಾಸಭಾ ಮೊದಲ ಹತ್ತು ವರ್ಷ ಗ್ರಂಥಾಲಯ, ಶಾಲೆ, ಸ್ತ್ರೀ ಶಿಕ್ಷಣ, ಬಾಲ್ಯವಿವಾಹ ಎಂದು ನಿರ್ಣಯ ಮಾಡುತ್ತ ಬಂದ ಸಂಸ್ಥೆ. ದೇಶಮುಖರೆಂಬ ದೊಡ್ಡ ಜಮೀನುದಾರರು, ವಕೀಲರು, ವರ್ತಕರು ಅದರ ಬೆನ್ನೆಲುಬು. 1941ರ ಚಿಲ್ಕೂರು ಅಧಿವೇಶನಕ್ಕೆ ರಾವಿ ನಾರಾಯಣರೆಡ್ಡಿ ಅಧ್ಯಕ್ಷರಾದಾಗ ಗಾಳಿ ಬದಲಾಯಿತು. ಸದಸ್ಯತ್ವದ ಶುಲ್ಕ ಇಳಿಯಿತು. ಹಳ್ಳಿಯ ರೈತ, ಕೂಲಿ ಸಂಘದೊಳಗೆ ಬಂದರು. ಜನ ಅದನ್ನು ‘ಸಂಗಂ’ ಎಂದು ಕರೆಯತೊಡಗಿದರು. ವೆಟ್ಟಿ, ಅಂದರೆ ಕೂಲಿಯಿಲ್ಲದೆ ಮಾಡಿಸುವ ಬಿಟ್ಟಿ ಚಾಕರಿ, ಒಕ್ಕಲೆಬ್ಬಿಸುವಿಕೆ, ಯುದ್ಧಕಾಲದ ಲೇವಿ ಧಾನ್ಯ ವಸೂಲಿ ಇವು ಮುಖ್ಯ ವಿಷಯಗಳಾದವು. ಈ ವಿಷಯಗಳನ್ನೆತ್ತಿದರೆ ಸರ್ಕಾರದ ಎದುರಿಗೆ ಮಾತ್ರವಲ್ಲ, ಸಭೆಯ ಮುಂದಿನ ಸಾಲಿನಲ್ಲಿ ಕುಳಿತವರ ಎದುರಿಗೂ ನಿಲ್ಲಬೇಕಾಗುತ್ತಿತ್ತು.

1944ರ ಭುವನಗಿರಿ ಅಧಿವೇಶನಕ್ಕೆ ರಾವಿ ನಾರಾಯಣರೆಡ್ಡಿ ಮತ್ತೆ ಅಧ್ಯಕ್ಷರಾದರು. ಮಿತವಾದಿಗಳೂ ರಾಷ್ಟ್ರೀಯವಾದಿಗಳೂ ದೂರ ಉಳಿದರು. ಮರುವರ್ಷ ಅವರು ಮಡಿಕೊಂಡದಲ್ಲಿ ಬೇರೆಯೇ ಅಧಿವೇಶನ ನಡೆಸಿದರು. ಅಲ್ಲಿಂದ ಸಂಗಂ ಕಮ್ಯುನಿಸ್ಟರ ಕೈಯಲ್ಲಿ ನಲ್ಗೊಂಡ, ವರಂಗಲ್ ಜಿಲ್ಲೆಗಳ ಹಳ್ಳಿಹಳ್ಳಿಗೂ ಹಬ್ಬಿತು. 1946ರ ಜುಲೈ 4ರಂದು ಜನಗಾಂವ್ ತಾಲ್ಲೂಕಿನ ಕಡವೆಂಡಿಯಲ್ಲಿ ವಿಸ್ನೂರು ದೇಶಮುಖನ ಆಳುಗಳ ಗುಂಡಿಗೆ ದೊಡ್ಡಿ ಕೊಮರಯ್ಯ ಬಲಿಯಾದ ಬಳಿಕ ತೆಲಂಗಾಣದ ಸಶಸ್ತ್ರ ಹೋರಾಟ ಹೊತ್ತಿಕೊಂಡಿತು.

ಕನ್ನಡ ಜಿಲ್ಲೆಗಳಲ್ಲಿ ಇಂಥ ಒಡಕು ಆಗಲಿಲ್ಲ. ಕರ್ನಾಟಕ ಪರಿಷತ್ತು ಒಂದೇ ಆಗಿ ಉಳಿಯಿತು. ಅದನ್ನು ಒಗ್ಗಟ್ಟಿನ ಹೆಗ್ಗಳಿಕೆಯೆಂದು ಬರೆಯುವವರಿದ್ದಾರೆ. ನೆಲದ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ಎತ್ತಲಿಲ್ಲವಾದ್ದರಿಂದ ಒಡೆಯುವ ಪ್ರಸಂಗ ಬರಲಿಲ್ಲ ಎಂದೂ ಓದಬಹುದು. ಎರಡನೆಯ ಓದೇ ಹೆಚ್ಚು ಸರಿ ಎನಿಸುತ್ತದೆ.

ದಲಿತ ಸಂಘಟನೆಗಳ ಪ್ರತ್ಯೇಕ ದಾರಿ

ಭಾಗ್ಯರೆಡ್ಡಿ ವರ್ಮ 20ನೆಯ ಶತಮಾನದ ಆರಂಭದಲ್ಲೇ ಹೈದರಾಬಾದಿನ ದಲಿತರಲ್ಲಿ ಸ್ವಾಭಿಮಾನದ ಚಳವಳಿ ಕಟ್ಟಿದ್ದರು. ಮುಂದಿನ ತಲೆಮಾರಿನ ಬಿ.ಎಸ್. ವೆಂಕಟರಾವ್, ಅರಿಗೆ ರಾಮಸ್ವಾಮಿ, ಶ್ಯಾಮಸುಂದರ್ ಮತ್ತು ಸುಬ್ಬಯ್ಯ ಒಂದೇ ದಾರಿ ಹಿಡಿಯಲಿಲ್ಲ. ಸುಬ್ಬಯ್ಯ ಅವರ ಗುಂಪು ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟದೊಂದಿಗೆ ನಿಂತಿತು. ವೆಂಕಟರಾವ್, ಶ್ಯಾಮಸುಂದರ್ ನಿಜಾಮ ಸರ್ಕಾರದೊಂದಿಗೆ ವ್ಯವಹರಿಸಿದರು. ವೆಂಕಟರಾವ್ 1947ರ ಕೊನೆಗೆ ಸಂಸ್ಥಾನದ ಪ್ರಧಾನಿ ಮೀರ್ ಲಾಯಕ್ ಅಲಿ ಅವರ ಮಂತ್ರಿಮಂಡಲ ಸೇರಿದರು. ಶ್ಯಾಮಸುಂದರ್ 1948ರಲ್ಲಿ ಹೈದರಾಬಾದಿನ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು.

ಇವರನ್ನು ದೇಶದ್ರೋಹಿಗಳೆಂದು ತಳ್ಳಿಹಾಕುವ ಬರವಣಿಗೆ ಬೇಕಾದಷ್ಟಿದೆ. ಹಾಗೆ ಬರೆಯುವವರು, ಸ್ಟೇಟ್ ಕಾಂಗ್ರೆಸ್ಸಿನ ನಾಯಕರ ಪಟ್ಟಿಯಲ್ಲಿ ದಲಿತರ ಹೆಸರು ಎಷ್ಟಿದ್ದವು ಎಂದು ಕೇಳಿಕೊಳ್ಳಬೇಕು. ಬಾವಿ, ದೇವಸ್ಥಾನ, ಬಿಟ್ಟಿಗಳ ವಿಷಯದಲ್ಲಿ ಮಾತು ಕೊಡದ ಪಕ್ಷದ ಹಿಂದೆ ಹೋಗದಿದ್ದವರು ಯಾರಿಂದ ಏನು ಸಿಗಬಹುದೆಂದು ಲೆಕ್ಕ ಹಾಕಿದರು. ಶ್ಯಾಮಸುಂದರ್ ಮುಂದೆ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು. ಕರ್ನಾಟಕದ ದಲಿತ ಚಳವಳಿಯ ಇತಿಹಾಸ ಬರೆಯುವಾಗ ಈ ಹೈದರಾಬಾದ್ ಕೊಂಡಿಯನ್ನು ಬಿಡಲಾಗದು.

ನಿಷೇಧ ತೆರವು, ಬಹಿಷ್ಕಾರ ಮತ್ತು 1948

1946ರ ಜುಲೈ 3ರಂದು ಸ್ಟೇಟ್ ಕಾಂಗ್ರೆಸ್ ಮೇಲಿನ ನಿಷೇಧ ತೆರವಾಯಿತು. ಎಂಟು ವರ್ಷ ಮುಚ್ಚಿಟ್ಟಿದ್ದ ಭಿನ್ನಾಭಿಪ್ರಾಯ ಕೂಡಲೇ ಬಯಲಿಗೆ ಬಂತು. ಅಧ್ಯಕ್ಷ ಸ್ಥಾನಕ್ಕೆ ತೀರ್ಥರು ಮತ್ತು ಬೂರ್ಗುಲ ಎದುರುಬದುರಾಗಿ ನಿಂತರು. ಬಹಳ ಕಡಿಮೆ ಮತಗಳ ಅಂತರದಿಂದ ತೀರ್ಥರು ಗೆದ್ದರು. ಆಗ ಪ್ರಧಾನಿಯಾಗಿ ಬಂದ ಸರ್ ಮಿರ್ಜಾ ಇಸ್ಮಾಯಿಲ್, ಮೈಸೂರಿನಲ್ಲಿ ಹೆಸರು ಮಾಡಿದ್ದ ಆಡಳಿತಗಾರ, ತುಸು ಹಿಗ್ಗಿಸಿದ ಶಾಸನ ಸಭೆಗೆ ಚುನಾವಣೆ ನಡೆಸಿದರು. ಸಮಪಾಲಿನ ಸೂತ್ರವೂ ಕಸುಬಿನ ಪ್ರಾತಿನಿಧ್ಯವೂ ಹಾಗೆಯೇ ಉಳಿದಿದ್ದವು. ಸ್ಟೇಟ್ ಕಾಂಗ್ರೆಸ್ ಬಹಿಷ್ಕರಿಸಿತು. 1947ರ ಫೆಬ್ರುವರಿಯಲ್ಲಿ ಸೇರಿದ ಆ ಸಭೆಯಲ್ಲಿ ಜನರ ಪರವಾಗಿ ಮಾತಾಡುವವರಿರಲಿಲ್ಲ. ಮಿರ್ಜಾ ಮೇ ತಿಂಗಳಲ್ಲಿ ಕೈಚೆಲ್ಲಿ ಹೊರಟರು. ಹತ್ತು ವರ್ಷ ಮೊದಲು ಬಂದಿದ್ದರೆ ಇದೇ ಸಭೆ ಎಷ್ಟೋ ಕೆಲಸ ಮಾಡಬಹುದಿತ್ತು. ಪಕ್ಕದಲ್ಲಿ ಸಂವಿಧಾನ ರಚನಾ ಸಭೆ ಕುಳಿತಿದ್ದಾಗ ಅದಕ್ಕೆ ಯಾವ ಬೆಲೆಯೂ ಉಳಿದಿರಲಿಲ್ಲ.

ಬ್ರಿಟಿಷರು ಹೋದ ಮೇಲೆ ತಾನು ಸ್ವತಂತ್ರ ಎಂದು ನಿಜಾಮರು ಜೂನ್‌ನಲ್ಲಿ ಫರ್ಮಾನು ಹೊರಡಿಸಿದರು. ಅದೇ ತಿಂಗಳು ಮುಷೀರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೊದಲ ಬಹಿರಂಗ ಅಧಿವೇಶನ ನಡೆದು ಭಾರತ ಒಕ್ಕೂಟಕ್ಕೆ ಸೇರಬೇಕೆಂದು ಕೇಳಿತು. ಆಗಸ್ಟ್ 7ರಿಂದ ಮತ್ತೆ ಸತ್ಯಾಗ್ರಹ. 15ರಂದು ತೀರ್ಥರ ಬಂಧನ. ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ಬಳಿಕ ಬಂದ ಲಾಯಕ್ ಅಲಿ ಮಂತ್ರಿಮಂಡಲ ಒಡಕಿನ ಇನ್ನೊಂದು ಅಧ್ಯಾಯ. ಸ್ಟೇಟ್ ಕಾಂಗ್ರೆಸ್ಸಿನವರೇ ಆಗಿದ್ದ ಜಿ. ರಾಮಾಚಾರ್, ಲಿಂಗಾಯತ ಸಮುದಾಯದ ಮಲ್ಲಿಕಾರ್ಜುನಪ್ಪ ಅದನ್ನು ಸೇರಿದರು. ಅದೇ ಮಂತ್ರಿಮಂಡಲದಲ್ಲಿದ್ದ ಜೆ.ವಿ. ಜೋಶಿ ಮಜ್ಲಿಸ್‌ನ ಸ್ವಯಂಸೇವಕ ಪಡೆಯಾಗಿದ್ದ ರಜಾಕಾರರ ದೌರ್ಜನ್ಯವನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು.

ಜೈಲಿನ ಹೊರಗಿದ್ದ ಕಾಂಗ್ರೆಸ್ಸಿಗರು ದಿಗಂಬರರಾವ್ ಬಿಂದು ನೇತೃತ್ವದ ಕ್ರಿಯಾ ಸಮಿತಿಯ ಮೂಲಕ ಗಡಿಯಾಚೆ ಶಿಬಿರಗಳನ್ನು ತೆರೆದರು. ಕನ್ನಡ ಸೀಮೆಗೆ ಗದಗ ಕೇಂದ್ರವಾಗಿತ್ತು, ಜನಾರ್ದನರಾವ್ ದೇಸಾಯಿ ಅದರ ಹೊಣೆ ಹೊತ್ತಿದ್ದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ, ದುಧನಿಯಲ್ಲಿ ಶರಣಗೌಡ ಇನಾಮದಾರ ಶಿಬಿರ ನಡೆಸಿದರು. ಕರೋಡಗಿರಿ ಎಂಬ ಸುಂಕದ ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿಗಳಾದವು. ಅಹಿಂಸೆಯ ಪ್ರತಿಜ್ಞೆ ಮಾಡಿದ್ದ ಪಕ್ಷ ಬಂದೂಕು ಹಿಡಿದದ್ದು ಹೀಗೆ. ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ಸುಡುತ್ತಿದ್ದಾಗ ಬೇರೇನು ಮಾಡಬಹುದಿತ್ತು ಎಂಬುದು ಅವರ ಪ್ರಶ್ನೆ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ಇಂದಿಗೂ ಆ ಭಾಗದ ಮನೆಮನೆಯ ನೆನಪು. ಮುಸ್ಲಿಮರೊಳಗೂ ರಜ್ವಿಯ ದಾರಿಯನ್ನು ಎದುರಿಸಿದವರಿದ್ದರು. ‘ಇಮ್ರೋಜ್’ ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ಒಕ್ಕೂಟದ ಪರ ಬರೆದು 1948ರ ಆಗಸ್ಟಿನಲ್ಲಿ ಕೊಲೆಯಾದರು. ನಾಗರಿಕ ಹಕ್ಕಿನ ಈ ಇತಿಹಾಸದಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿರಬೇಕು.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಬಂತು, 17ರಂದು ನಿಜಾಮರು ಶರಣಾದರು. ಅದರ ನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ದೊಡ್ಡ ಪ್ರಮಾಣದ ಹಿಂಸೆ ನಡೆಯಿತು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರ್ ಎರಡೂ ಇದ್ದವು. ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಗೋರ್ಟಾವನ್ನು ನೆನೆದು ಇದನ್ನು ಮರೆತರೆ, ಅಥವಾ ಇದನ್ನು ನೆನೆದು ಗೋರ್ಟಾವನ್ನು ಮರೆತರೆ, ಹಕ್ಕಿನ ಹೋರಾಟದ ಇತಿಹಾಸವನ್ನು ಅರ್ಧವೇ ಹೇಳಿದಂತೆ.

ಗೆದ್ದ ಮೇಲಿನ ಒಡಕು

1949ರಲ್ಲಿ ಸರ್ಫ್-ಎ-ಖಾಸ್ ಭೂಮಿ ದಿವಾನಿಯಲ್ಲಿ ವಿಲೀನವಾಯಿತು, ಅತ್ರಾಫ್-ಎ-ಬಲ್ದಾ ಹೈದರಾಬಾದ್ ಜಿಲ್ಲೆಯಲ್ಲಿ ಸೇರಿತು, ಜಾಗೀರುಗಳು ರದ್ದಾದವು. ಜೀಡಿಮೆಟ್ಲಾದಂಥ ಹಳ್ಳಿಗಳ ಜನರು ಮೊದಲ ಬಾರಿಗೆ ನೆರೆಯ ಜಿಲ್ಲೆಗಳವರಂತೆಯೇ ಒಂದು ಸರ್ಕಾರದ ಪ್ರಜೆಗಳಾದರು.

ಪಕ್ಷ ಮಾತ್ರ ಕೂಡಲಿಲ್ಲ. ತೀರ್ಥರ ಗುಂಪು ಒಂದು ಕಡೆ, ಬೂರ್ಗುಲ ಮತ್ತು ಬಿಂದು ಇನ್ನೊಂದು ಕಡೆ. ಗೋವಿಂದಭಾಯಿ ಶ್ರಾಫ್ ಮುಂತಾದ ಎಡಪಂಥೀಯರು ಪಕ್ಷ ಬಿಟ್ಟರು. 1952ರ ಮೊದಲ ಚುನಾವಣೆಯಲ್ಲಿ 175 ಸ್ಥಾನಗಳಲ್ಲಿ ಕಾಂಗ್ರೆಸ್ 93 ಗೆದ್ದು ಬೂರ್ಗುಲ ಮುಖ್ಯಮಂತ್ರಿಯಾದರು. ಕಮ್ಯುನಿಸ್ಟರು ಪಿ.ಡಿ.ಎಫ್. (ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್) ಹೆಸರಿನಲ್ಲಿ 42 ಸ್ಥಾನ ಪಡೆದರು. ನಲ್ಗೊಂಡದಿಂದ ಲೋಕಸಭೆಗೆ ನಿಂತ ರಾವಿ ನಾರಾಯಣರೆಡ್ಡಿ ಇಡೀ ದೇಶದಲ್ಲೇ ಅತಿ ಹೆಚ್ಚು ಮತ ಪಡೆದರು. ತೀರ್ಥರು ಗುಲಬರ್ಗಾದಿಂದ ಲೋಕಸಭೆಗೆ ಹೋದರು. ಕುಷ್ಟಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ ಕಾಂಗ್ರೆಸ್ಸಿಗೆ ಎದುರಾಗಿ ಪಕ್ಷೇತರರಾಗಿ ಗೆದ್ದರು. ಕನ್ನಡ ಜಿಲ್ಲೆಗಳಲ್ಲಿ ತಡೆದು ನಿಂತಿದ್ದ ಒಡಕು ಹೀಗೆ ಕರ್ನಾಟಕ ಏಕೀಕರಣದ ಪ್ರಶ್ನೆಯ ಮೇಲೆ ಬಂತು.

ಸಂಸ್ಥಾನವನ್ನು ನುಡಿಯ ಆಧಾರದ ಮೇಲೆ ಮೂರಾಗಿ ಹಂಚಬೇಕೆಂದು ತೀರ್ಥರು ಗಟ್ಟಿಯಾಗಿ ಹೇಳಿದರು. 1956ರ ನವೆಂಬರ್ 1ರಂದು ಅದು ಆಯಿತು. ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ, ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಪ್ರದೇಶಕ್ಕೆ ಹೋದವು. ಬೂರ್ಗುಲ ಕೇರಳದ, ಆಮೇಲೆ ಉತ್ತರಪ್ರದೇಶದ ರಾಜ್ಯಪಾಲರಾಗಿದ್ದರು; 1967ರಲ್ಲಿ ತೀರಿಕೊಂಡರು, ತೀರ್ಥರು 1972ರಲ್ಲಿ. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371-ಜೆ ವಿಧಿಯ ವಿಶೇಷ ಸ್ಥಾನ ಸಿಕ್ಕಿತು. 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಯಿತು. ಸೆಪ್ಟೆಂಬರ್ 17ನ್ನು ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವವೆಂದು, ಹಿಂದೆ ಔರಂಗಾಬಾದ್ ಎನಿಸಿದ್ದ ಛತ್ರಪತಿ ಸಂಭಾಜಿನಗರದಲ್ಲಿ ಮರಾಠವಾಡ ಮುಕ್ತಿ ಸಂಗ್ರಾಮ ದಿನವೆಂದು ಆಚರಿಸುತ್ತಾರೆ. ಹೈದರಾಬಾದಿನಲ್ಲಿ ಅದನ್ನು ವಿಮೋಚನೆ ಎನ್ನಬೇಕೇ, ವಿಲೀನ ಎನ್ನಬೇಕೇ, ಐಕ್ಯ ಎನ್ನಬೇಕೇ ಎಂಬ ಬಗ್ಗೆ ಪಕ್ಷಗಳು ಇನ್ನೂ ಒಂದು ಮಾತಿಗೆ ಬಂದಿಲ್ಲ.